ಶಿವಾಜಿ ಹಡಗೇರಿದ್ದು ಒಮ್ಮೆ ಮಾತ್ರ

ಹೊಳಲ್ಕೆರೆಗೆ ನೆರೆಯದಾದ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ ಷಹಜಿ ಭೋಂಸ್ಲೆಯವರ ಸಮಾಧಿಯಿದೆ. 1664ರ ಜನವರಿಯಲ್ಲಿ ಬೇಟೆಗೆ ಹೊರಟಿದ್ದಾಗ ಕುದುರೆಯಿಂದ ಬಿದ್ದು ಅವರು ಅಸುನೀಗಿದರು. ಅದೇ ತಿಂಗಳಲ್ಲಿ ಪುತ್ರ ಶಿವಾಜಿ ದೂರದ ಸೂರತ್ ನಗರವನ್ನು ಸೂರೆಗೊಂಡಿದ್ದರು. ವರ್ಷ ಕಳೆದ ಮೇಲೆ ಅವರು ಕನ್ನಡ ನಾಡಿಗೆ ಬಂದರು; ಆದರೆ ತಂದೆಯಂತೆ ಕುದುರೆಯೇರಿ ಅಲ್ಲ, ಹಡಗನ್ನೇರಿ.

1630ರಲ್ಲಿ ಶಿವನೇರಿಯಲ್ಲಿ ಜನಿಸಿದ ಶಿವಾಜಿ ಬಾಲ್ಯದ ಕೆಲಕಾಲವನ್ನು ತಂದೆಯ ಜಹಗೀರಾಗಿದ್ದ ಬೆಂಗಳೂರಿನಲ್ಲಿ ಕಳೆದರು. ಬೆಳೆದದ್ದು ಪುಣೆಯ ಸುತ್ತಲಿನ ಗುಡ್ಡಗಾಡಿನಲ್ಲಿ. ಕೊಂಕಣ ಕರಾವಳಿ ಕೈವಶವಾದ ಮೇಲೆಯೇ ಅವರಿಗೆ ಸಮುದ್ರದ ಮಹತ್ವ ಮನದಟ್ಟಾಯಿತು. ಜಂಜೀರದ ಸಿದ್ದಿಗಳನ್ನು ಎದುರಿಸಲು ನೌಕಾಬಲವಿಲ್ಲದೆ ಗತ್ಯಂತರವಿರಲಿಲ್ಲ. 1664ರ ನವೆಂಬರ್‌ನಲ್ಲಿ ಮಾಲ್ವಣದ ಬಳಿಯ ದ್ವೀಪದಲ್ಲಿ ಸಿಂಧುದುರ್ಗದ ನಿರ್ಮಾಣ ಆರಂಭವಾಯಿತು.

1665ರ ಫೆಬ್ರುವರಿಯಲ್ಲಿ 85 ಸಣ್ಣ ಯುದ್ಧನೌಕೆಗಳು ಹಾಗೂ 3 ದೊಡ್ಡ ಹಡಗುಗಳೊಡನೆ ಶಿವಾಜಿ ಮಾಲ್ವಣದಿಂದ ದಕ್ಷಿಣಕ್ಕೆ ಹೊರಟರು. ಗುರಿ, ಕೆಳದಿ ಅರಸರ ಶ್ರೀಮಂತ ಬಂದರಾದ ಬಸರೂರು. ಸುಮಾರು 300 ಕಿ.ಮೀ. ದೂರದ ಹಾದಿ ಸುಗಮವಾಗಿ ಸಾಗಿತು. ಅನಿರೀಕ್ಷಿತ ದಾಳಿಗೆ ಊರು ಲೂಟಿಯಾಯಿತು.

ಕಷ್ಟ ಎದುರಾದದ್ದು ಮರುಪ್ರಯಾಣದಲ್ಲಿ. ಬಿರುಗಾಳಿ ನೌಕೆಗಳನ್ನು ದಕ್ಷಿಣದತ್ತ ತಳ್ಳಿತೆಂದೂ, ವಾಯವ್ಯದ ಗಾಳಿ ಹಲವು ದಿನ ಮುಂದುವರಿಯಲು ಬಿಡಲಿಲ್ಲವೆಂದೂ ಮರಾಠರ ಇತಿಹಾಸ ಬರೆದವರು ದಾಖಲಿಸಿದ್ದಾರೆ. ಹಾಯಿಹಡಗು ಗಾಳಿಗೆ ನೇರ ಎದುರಾಗಿ ಸಾಗಲಾರದು. ಒಮ್ಮೆ ಕಡಲಿನತ್ತ, ಒಮ್ಮೆ ದಡದತ್ತ ಓರೆಯಾಗಿ ಸಾಗುತ್ತ ಅಂಗುಲ ಅಂಗುಲವಾಗಿ ದಾರಿ ಗಳಿಸಬೇಕು. ಮಾರಿಕಣಿವೆಯ ಹಿನ್ನೀರಿನಲ್ಲಿ ಎದುರುಗಾಳಿಗೆ ಹುಟ್ಟು ಹಾಕಿದ ಹಿರಿಯೂರು, ಹೊಸದುರ್ಗದ ಮೀನುಗಾರರಿಗೆ ಆ ಪಾಡಿನ ಒಂದು ಪಾಲಾದರೂ ಗೊತ್ತಿರುತ್ತದೆ. ತಗ್ಗಾದ ಅಂಚಿನ ಸಣ್ಣ ನೌಕೆಗಳಿಗೆ ಅಲೆಯ ನೀರು ನುಗ್ಗುವ ಭಯ ಬೇರೆ. ಒಂದು ದೊಡ್ಡ ಹಡಗು ನಷ್ಟವಾಯಿತೆಂದೂ, ಶಿವಾಜಿ ಸ್ವತಃ ಕಡಲಬೇನೆಯಿಂದ ಬಳಲಿದರೆಂದೂ ಹೇಳುವವರಿದ್ದಾರೆ. ಬೆಟ್ಟದ ಮಗನಿಗೆ ಅದು ಅಸಹಜವೇನಲ್ಲ.

ಈ ನಡುವೆ ಅವರು ಗೋಕರ್ಣದಲ್ಲಿ ಇಳಿದು ಮಹಾಬಲೇಶ್ವರನ ದರ್ಶನ ಪಡೆದರು. ನೌಕಾಪಡೆಯ ಬಹುಭಾಗವನ್ನು ಕಳುಹಿಸಿಕೊಟ್ಟು, ನದಿಗಳನ್ನು ದಾಟಿಸಲು 12 ನೌಕೆಗಳನ್ನಷ್ಟೇ ಉಳಿಸಿಕೊಂಡು, 4000 ಕಾಲಾಳುಗಳೊಡನೆ ಅಂಕೋಲೆಯ ಮೂಲಕ ನೆಲದ ಹಾದಿ ಹಿಡಿದರು. ಫೆಬ್ರುವರಿ 22ರಂದು ಕಾರವಾರ ತಲುಪಿ ಅಲ್ಲಿನ ವರ್ತಕರಿಂದ ಕಪ್ಪ ವಸೂಲು ಮಾಡಿದರು. ಇಂಗ್ಲಿಷ್ ಕೋಠಿಯ ಪಾಲು 112 ಪೌಂಡ್.

ಕಳೆದ ಒಂದೊಂದು ದಿನವೂ ದುಬಾರಿಯಾಗಿತ್ತು. ಔರಂಗಜೇಬನ ಸೇನಾನಿ ಮಿರ್ಜಾ ರಾಜಾ ಜಯಸಿಂಹ ಮಾರ್ಚ್ ಆರಂಭದಲ್ಲಿ ಪುಣೆ ತಲುಪಿದ್ದ. ಅದೇ ತಿಂಗಳ ಕೊನೆಗೆ ಪುರಂದರ ಕೋಟೆಗೆ ಮುತ್ತಿಗೆ ಬಿತ್ತು. ಜೂನ್‌ನಲ್ಲಿ ಒಪ್ಪಂದಕ್ಕೆ ಮಣಿದು ಶಿವಾಜಿ 23 ಕೋಟೆಗಳನ್ನು ಬಿಟ್ಟುಕೊಡಬೇಕಾಯಿತು. ಸಮುದ್ರಯಾನವೇ ಇದಕ್ಕೆ ಕಾರಣವೆನ್ನಲಾಗದು. ಮೊಗಲರ ಸೈನ್ಯವೇ ಅಷ್ಟು ದೊಡ್ಡದಿತ್ತು.

ಮುಂದೆ ಅವರೆಂದೂ ನೌಕಾದಂಡಯಾತ್ರೆಯನ್ನು ತಾವೇ ಮುನ್ನಡೆಸಲಿಲ್ಲ. 1677ರಲ್ಲಿ ಜಿಂಜಿಯವರೆಗೆ ಹೋದದ್ದೂ ಭೂಮಾರ್ಗದಲ್ಲಿಯೇ. ಆದರೆ ನೌಕಾಪಡೆಯನ್ನು ಕೈಬಿಡಲಿಲ್ಲ. 1679ರಲ್ಲಿ ಮುಂಬಯಿ ಸಮೀಪದ ಖಂಡೇರಿ ದ್ವೀಪವನ್ನು ಹಿಡಿದ ಅವರ ನಾವಿಕರು ಇಂಗ್ಲಿಷರ ಹಡಗುಗಳಿಗೆ ಎದುರಾಗಿ ನಿಂತರು. ಮರುವರ್ಷದ ಏಪ್ರಿಲ್ 3ರಂದು ರಾಯಗಡದಲ್ಲಿ ಶಿವಾಜಿ ಕೊನೆಯುಸಿರೆಳೆದರು.