ಹಗುರ ಕಾರುಗಳ ಕರಿ

ಎಗ್ಮೋರ್ ರೈಲು ನಿಲ್ದಾಣದಿಂದ ಸ್ವಲ್ಪ ದೂರ ನಡೆದರೆ ಪುದುಪೇಟೆ ಸಿಗುತ್ತದೆ. ಹಳೆಯ ಕಾರುಗಳನ್ನು ಬಿಚ್ಚಿ, ಬಾಗಿಲು ಬೇರೆ, ಹೆಡ್‌ಲೈಟ್ ಬೇರೆ, ಗೇರ್‌ಬಾಕ್ಸ್ ಬೇರೆ ಎಂದು ವಿಂಗಡಿಸಿ ಮಾರುವ ಬೀದಿಗಳು ಅವು. ಮನೆ ಎಗ್ಮೋರ್‌ನಲ್ಲೇ ಇರುವುದರಿಂದ ಆ ಕಡೆ ಸುಮ್ಮನೆ ಒಂದು ಸುತ್ತು ಹೋಗಿಬರುವುದು ನನ್ನ ಅಭ್ಯಾಸ. ಕಳೆದ ತಿಂಗಳು ಮಾತ್ರ ಸುಮ್ಮನೆ ಹೋಗಿರಲಿಲ್ಲ. ನನ್ನದು 1.2 ಲೀಟರ್ ಎಂಜಿನ್ನಿನ ಸಣ್ಣ ಕಾರು. ಊರಿಗೆ ಹೋಗುವಾಗ ಕೃಷ್ಣಗಿರಿ ದಾಟಿ ಹೊಸೂರಿನ ಕಡೆ ಏರು ಶುರುವಾದರೆ, ಎ.ಸಿ. ಹಾಕಿಕೊಂಡು ಒಂದು ಲಾರಿಯನ್ನು ಹಿಂದೆ ಹಾಕುವುದೂ ಅದಕ್ಕೆ ಕಷ್ಟ. ಕಂಪನಿ ಕೊಟ್ಟ ಏರ್ ಫಿಲ್ಟರ್ ಡಬ್ಬಿಯನ್ನು ಕಿತ್ತು, ಶಂಕುವಿನ ಆಕಾರದ ಕೋನ್ ಫಿಲ್ಟರ್ ಹಾಕಿಸಿದರೆ ಎಂಜಿನ್ ಚೆನ್ನಾಗಿ ಉಸಿರಾಡುತ್ತದೆ ಎಂದು ಯಾರೋ ತಲೆಗೆ ತುಂಬಿದ್ದರು.

ನನ್ನನ್ನು ತಂಬಿ ಎಂದೇ ಕರೆಯುವ ಹಿರಿಯ ಮೆಕ್ಯಾನಿಕ್ ಒಬ್ಬರು ಅಲ್ಲಿದ್ದಾರೆ. ಬಾನೆಟ್ ಎತ್ತಿ ನೋಡಿದರು, ಮುಚ್ಚಿದರು. ಹುಡುಗನಾಗಿದ್ದಾಗ ತಾನು ಶೋಳಾವರಂಗೆ ರೇಸ್ ನೋಡಲು ಹೋಗುತ್ತಿದ್ದುದನ್ನು ಹೇಳಿದರು. ಅಲ್ಲಿ ಎಲ್ಲರ ತಲೆಯಲ್ಲೂ ಇದೇ ಪ್ರಶ್ನೆ ಇತ್ತಂತೆ. ಕೊಯಮತ್ತೂರಿನ ಒಬ್ಬರು ಮಾತ್ರ ಅದಕ್ಕೆ ಬೇರೆಯೇ ಉತ್ತರ ಕಂಡುಕೊಂಡರು ಎಂದು ಹೇಳಿ, ಕರಿ ಎಂಬ ಹೆಸರು ತೆಗೆದರು. ನಾನು ಎಂ.ಟೆಕ್. ಓದಿದವನು, ಕಾರಿನ ಹುಚ್ಚು ಇರುವವನು. ಆದರೂ ಆ ಹೆಸರನ್ನು ರೇಸ್ ಟ್ರ್ಯಾಕ್ ಒಂದರ ಫಲಕವಾಗಿ ಮಾತ್ರ ಕೇಳಿದ್ದೆ. ಅಂದಿನಿಂದ ಆ ಮನುಷ್ಯನ ಬದುಕಿನ ಬೆನ್ನು ಹತ್ತಿದೆ.

ಸುಂದರಂ ಕರಿವರ್ಧನ್ ಹುಟ್ಟಿದ್ದು 1954ರಲ್ಲಿ, ಕೊಯಮತ್ತೂರಿನ ಹೆಸರಾಂತ ಗಿರಣಿ ಮನೆತನದಲ್ಲಿ. 1910ರಲ್ಲಿ ಲಕ್ಷ್ಮಿ ಮಿಲ್ಸ್ ಕಟ್ಟಿದ ಜಿ. ಕುಪ್ಪುಸ್ವಾಮಿ ನಾಯ್ಡು ಅವರ ಅಜ್ಜ, ಉದ್ಯಮಿ ಜಿ.ಕೆ. ಸುಂದರಂ ತಂದೆ. ಹುಡುಗ ಹತ್ತಿ, ನೂಲು, ಲೆಕ್ಕದ ಪುಸ್ತಕ ಎಂದುಕೊಂಡು ಬೆಳೆದಿದ್ದರೆ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ಆದರೆ ಅದು ಬರೀ ನೂಲಿನ ಊರಲ್ಲ. ಪಂಪು, ಮೋಟಾರು, ಲೇತ್ ಯಂತ್ರಗಳ ಊರೂ ಹೌದು. ಒಂದು ಯಂತ್ರ ಕಂಡರೆ ಅದನ್ನು ಬಿಚ್ಚಿ ನೋಡದೆ ಬಿಡದ ಜನ ಅಲ್ಲಿಯವರು. ಕರಿ ಆ ಗಾಳಿಯಲ್ಲೇ ಬೆಳೆದರು. ಅವರ ಕೈಗೆ ಸಿಕ್ಕ ಯಂತ್ರ ಕಾರು.

ಆಗ ದಕ್ಷಿಣದಲ್ಲಿ ರೇಸ್ ಎಂದರೆ ಶೋಳಾವರಂ. ಎಗ್ಮೋರ್‌ನಿಂದ ಉತ್ತರಕ್ಕೆ, ರೆಡ್ ಹಿಲ್ಸ್ ದಾಟಿ ಕಲ್ಕತ್ತಾ ಹೆದ್ದಾರಿಯಲ್ಲಿ ಹೋದರೆ ಎರಡನೇ ಮಹಾಯುದ್ಧ ಕಾಲದ ಹಳೆಯ ವಿಮಾನ ಪಟ್ಟಿ ಸಿಗುತ್ತದೆ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ರೇಸ್ ನಡೆಸುತ್ತಿತ್ತು. ಬೆಂಗಳೂರು, ಕೊಯಮತ್ತೂರು, ಮುಂಬೈ, ಕಲ್ಕತ್ತಾಗಳಿಂದ ಹುಚ್ಚರೆಲ್ಲ ಬಂದು ಸೇರುತ್ತಿದ್ದರು. ದೇಶದಲ್ಲಿ ಸಿಗುತ್ತಿದ್ದದ್ದು ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್ ಹೆರಾಲ್ಡ್, ಇಷ್ಟೇ. ಹೊರದೇಶದಿಂದ ಭಾಗಗಳನ್ನು ತರಿಸುವುದು ಸುಲಭವಿರಲಿಲ್ಲ. ಹಾಗಾಗಿ ಇದ್ದುದನ್ನೇ ತಿದ್ದಬೇಕಿತ್ತು.

ತಿದ್ದುವುದು ಎಂದರೆ ಮೊದಲು ಕೈ ಹೋಗುತ್ತಿದ್ದುದು ಗಾಳಿ ಒಳಬರುವ ದಾರಿಗೆ. ಕಾರಣ ಸರಳ. ಎಂಜಿನ್ ಒಂದು ದೊಡ್ಡ ಪಂಪು. ಎಷ್ಟು ಗಾಳಿ ಒಳಗೆ ಹೋಗುತ್ತದೋ ಅಷ್ಟಕ್ಕೆ ತಕ್ಕ ಪೆಟ್ರೋಲ್ ಉರಿಸಬಹುದು, ಅಷ್ಟೇ ಶಕ್ತಿ ಸಿಗುತ್ತದೆ. ಫಿಲ್ಟರ್ ಡಬ್ಬಿ ತೆಗೆದರು, ಕೊಳವೆಯ ಬಾಯಿ ಅಗಲಿಸಿದರು, ಒಳಗಿನ ಒರಟನ್ನು ಉಜ್ಜಿ ನಯ ಮಾಡಿದರು, ಒಂದು ಕಾರ್ಬ್ಯುರೇಟರ್ ಇದ್ದಲ್ಲಿ ಎರಡು ಕೂರಿಸಿದರು. ಅಷ್ಟಕ್ಕೇ ಮುಗಿಯುವುದಿಲ್ಲ. ಗಾಳಿ ಹೆಚ್ಚಿಸಿ ಪೆಟ್ರೋಲ್ ಹೆಚ್ಚಿಸದಿದ್ದರೆ ಮಿಶ್ರಣ ತೆಳುವಾಗುತ್ತದೆ, ಬಿಸಿ ಏರುತ್ತದೆ, ಕೊನೆಗೆ ಪಿಸ್ಟನ್ನೇ ಸುಟ್ಟುಹೋಗಬಹುದು. ಆದ್ದರಿಂದ ಜೆಟ್ ಬದಲಿಸಬೇಕು, ಕ್ಯಾಮ್‌ಶಾಫ್ಟ್ ಬದಲಿಸಬೇಕು, ಸೈಲೆನ್ಸರ್ ಬದಲಿಸಬೇಕು. ಒಂದು ಕಡೆ ಕೈ ಹಾಕಿದರೆ ಹತ್ತು ಕಡೆ ಖರ್ಚು. ಜೇಬು ದೊಡ್ಡದಿದ್ದವನ ಎಂಜಿನ್ ಹೆಚ್ಚು ಉಸಿರಾಡುತ್ತದೆ ಎಂಬುದು ರೇಸಿನ ಅಲಿಖಿತ ನಿಯಮವಾಗಿಬಿಟ್ಟಿತ್ತು. ಇದರ ಮೇಲೆ, ಕೆಲವು ಸಿರಿವಂತರು ವಿದೇಶಿ ಫಾರ್ಮುಲಾ ಕಾರುಗಳನ್ನೇ ತಂದು ಓಡಿಸುತ್ತಿದ್ದರು. ಚೆನ್ನಾಗಿ ಓಡಿಸಬಲ್ಲ ಆದರೆ ದುಡ್ಡಿಲ್ಲದ ಹುಡುಗನಿಗೆ ಬೇಲಿಯ ಆಚೆ ನಿಂತು ನೋಡುವ ಜಾಗ ಮಾತ್ರ ಉಳಿದಿತ್ತು.

ಈ ಆಟವನ್ನು ಆಡಲು ಕರಿಯವರಿಗೆ ಯಾವ ಅಡ್ಡಿಯೂ ಇರಲಿಲ್ಲ. ಮನೆಯಲ್ಲಿ ಹಣವಿತ್ತು, ಕೈಯಲ್ಲಿ ಕೌಶಲವಿತ್ತು. ಶೋಳಾವರಂನಲ್ಲಿ ಅವರು ತಾವೇ ಓಡಿಸಿದರು, ಗೆದ್ದರು. ಅಲ್ಲಿಗೇ ನಿಂತಿದ್ದರೆ ಹಳೆಯ ಚೆನ್ನೈನ ಕೆಲವರ ನೆನಪಿನಲ್ಲಿ ಉಳಿದ ಒಬ್ಬ ಒಳ್ಳೆಯ ರೇಸರ್ ಆಗುತ್ತಿದ್ದರು, ಅಷ್ಟೆ. ಅವರು ಮುಂದೆ ಹೋದದ್ದು ಒಂದು ಕಾರಿನ ದೆಸೆಯಿಂದ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. 796 ಸಿಸಿಯ, ಮೂರು ಸಿಲಿಂಡರಿನ, ನಲವತ್ತರ ಆಸುಪಾಸು ಅಶ್ವಶಕ್ತಿಯ ಪುಟ್ಟ ಎಂಜಿನ್. ನಿಮಿಷಕ್ಕೆ 5,500 ಸುತ್ತು ತಿರುಗಿದರೂ ಅದು ನುಂಗುವ ಗಾಳಿ ಹೆಚ್ಚೆಂದರೆ 2,200 ಲೀಟರ್. ರೇಸಿನವರು ನಗಬೇಕಾದ ಎಂಜಿನ್ ಅದು. ಆದರೆ ಅಗ್ಗ, ಗಟ್ಟಿಮುಟ್ಟು, ಮತ್ತು ಅದರ ಭಾಗಗಳು ಪ್ರತಿ ಊರಿನಲ್ಲೂ ಸಿಗುತ್ತಿದ್ದವು.

ಕರಿ ಆ ಎಂಜಿನ್ನಿನ ಉಸಿರು ಹೆಚ್ಚಿಸುವ ಪೈಪೋಟಿಗೆ ಇಳಿಯಲಿಲ್ಲ. ಅದನ್ನು ಹೆಚ್ಚುಕಡಿಮೆ ಇದ್ದ ಹಾಗೆಯೇ ತೆಗೆದುಕೊಂಡು, ಅದರ ಸುತ್ತ ಹೊಸ ಕಾರನ್ನೇ ಕಟ್ಟಿದರು. ಉಕ್ಕಿನ ಕೊಳವೆಗಳ ಚೌಕಟ್ಟು, ಒಬ್ಬರೇ ಕೂರುವ ಜಾಗ, ಎಂಜಿನ್ ಚಾಲಕನ ಬೆನ್ನ ಹಿಂದೆ, ತೆರೆದ ಚಕ್ರಗಳು, ಮೇಲೆ ತೆಳುವಾದ ಹೊದಿಕೆ. ಎಂಬತ್ತರ ದಶಕದ ಕೊನೆಯಲ್ಲಿ ಫಾರ್ಮುಲಾ ಮಾರುತಿ ಹುಟ್ಟಿದ್ದು ಹೀಗೆ. ಎಲ್ಲರಿಗೂ ಒಂದೇ ಬಗೆಯ ಕಾರು, ಒಂದೇ ಬಗೆಯ ಎಂಜಿನ್. ಗೆಲ್ಲಬೇಕಿದ್ದರೆ ಓಡಿಸಲು ಬರಬೇಕು.

ಇದರ ಹಿಂದಿನ ಲೆಕ್ಕವನ್ನು ನಾನು ಒಂದು ರಾತ್ರಿ ಹಾಳೆಯ ಮೇಲೆ ಮಾಡಿ ನೋಡಿದೆ. ಮಾರುತಿ 800ರ ತೂಕ ಸುಮಾರು 650 ಕೆ.ಜಿ. 40 ಅಶ್ವಶಕ್ತಿ ಎಂದರೆ ಟನ್ನಿಗೆ 61ರಷ್ಟು ಆಯಿತು. ಅದೇ ಎಂಜಿನ್ ಇಟ್ಟುಕೊಂಡು 100 ಕೆ.ಜಿ. ಇಳಿಸಿದರೆ ಟನ್ನಿಗೆ 72 ದಾಟುತ್ತದೆ, ಅಂದರೆ ಶೇ 18ರಷ್ಟು ಲಾಭ. ಭಾರ ಇಳಿಸದೆ ಅಷ್ಟು ಪಡೆಯಬೇಕಾದರೆ ಎಂಜಿನ್ 47 ಅಶ್ವಶಕ್ತಿ ಕೊಡಬೇಕು. ಏರ್ ಇನ್‌ಟೇಕ್ ಒಂದನ್ನೇ ತಿದ್ದಿ ಅದನ್ನು ತರಲಾಗದು. ಮೇಲಾಗಿ, ಹಗುರವಾದ ಕಾರು ಬೇಗ ಓಡುವುದಷ್ಟೇ ಅಲ್ಲ, ಬೇಗ ನಿಲ್ಲುತ್ತದೆ, ತಿರುವಿನಲ್ಲಿ ಬೇಗ ತಿರುಗುತ್ತದೆ, ಟೈರು ಕಡಿಮೆ ಸವೆಸುತ್ತದೆ. ನಮ್ಮ ಭಾಷೆಯಲ್ಲಿ ಕರಿ ಎಂದರೆ ಆನೆ. ಹೆಸರಿನಲ್ಲಿ ಆನೆಯನ್ನು ಹೊತ್ತವರು ಮಾಡಿದ್ದೆಲ್ಲ ಭಾರ ಇಳಿಸುವ ಕೆಲಸ.

1990ರಲ್ಲಿ ಶ್ರೀಪೆರುಂಬುದೂರಿನ ಬಳಿ ಇರುಂಗಾಟ್ಟುಕೋಟ್ಟೈಯಲ್ಲಿ ಹೊಸ ರೇಸ್ ಟ್ರ್ಯಾಕ್ ಬಂತು. ಶೋಳಾವರಂನ ಕಾಲ ಮುಗಿಯಿತು. ಹೊಸ ಟ್ರ್ಯಾಕಿನಲ್ಲಿ ಕರಿಯವರ ಪುಟ್ಟ ಕಾರುಗಳು ಒಂದು ಪೀಳಿಗೆಗೆ ಓಡಿಸಲು ಕಲಿಸಿದವು. ಹಾಗೆ ಕಲಿತವರಲ್ಲಿ ಕೊಯಮತ್ತೂರಿನಲ್ಲಿ ಬೆಳೆದ ನರೇನ್ ಕಾರ್ತಿಕೇಯನ್ ಒಬ್ಬರು. 2005ರಲ್ಲಿ ಜೋರ್ಡನ್ ತಂಡದ ಕಾರಿನಲ್ಲಿ ಕೂತು, ಫಾರ್ಮುಲಾ 1 ರೇಸ್ ಓಡಿಸಿದ ಮೊದಲ ಭಾರತೀಯರಾದರು. ನಲವತ್ತು ಅಶ್ವಶಕ್ತಿಯ ಎಂಜಿನ್ನಿನಿಂದ ಶುರುವಾದ ದಾರಿ ಅಲ್ಲಿಯವರೆಗೂ ಹೋಯಿತು.

ಅದನ್ನು ನೋಡಲು ಕರಿ ಇರಲಿಲ್ಲ. 1995ರ ಆಗಸ್ಟ್‌ನಲ್ಲಿ ವಿಮಾನ ಅಪಘಾತವೊಂದರಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 41 ವರ್ಷ. ನನಗಿಂತ ಕೆಲವೇ ವರ್ಷ ದೊಡ್ಡವರು. 2003ರಲ್ಲಿ ಕೊಯಮತ್ತೂರಿನ ಹೊರವಲಯದ ಚೆಟ್ಟಿಪಾಳಯಂನಲ್ಲಿ ತೆರೆದ ಟ್ರ್ಯಾಕಿಗೆ ಕರಿ ಮೋಟಾರ್ ಸ್ಪೀಡ್‌ವೇ ಎಂದು ಹೆಸರಿಟ್ಟರು. ನಾನು ಫಲಕದಲ್ಲಿ ಮಾತ್ರ ಕಂಡಿದ್ದ ಹೆಸರು ಅದೇ.

ಇನ್ನು ನನ್ನ ಕಾರಿನ ಕಥೆ. ಬಿಸಿ ಗಾಳಿ ಹಗುರ, ಅದರಲ್ಲಿ ಆಮ್ಲಜನಕ ಕಡಿಮೆ. ಚೆನ್ನೈನಲ್ಲಿ ಹೊರಗಿನ ಗಾಳಿ 35 ಡಿಗ್ರಿ ಇದ್ದು, ಬಾನೆಟ್ಟಿನ ಒಳಗೆ 60 ಇದೆ ಎಂದುಕೊಳ್ಳಿ. ಒಳಗಿನ ಗಾಳಿಯ ಸಾಂದ್ರತೆ ಶೇ 7ಕ್ಕಿಂತ ಹೆಚ್ಚು ಕಡಿಮೆ. ಕಂಪನಿಯ ಡಬ್ಬಿ ಮುಂಭಾಗದಿಂದ ತಂಪು ಗಾಳಿ ಎಳೆಯುತ್ತದೆ. ಅದನ್ನು ಕಿತ್ತು ಬಾನೆಟ್ಟಿನ ಒಳಗೆ ಬರಿದೇ ಕೋನ್ ಫಿಲ್ಟರ್ ಕೂರಿಸಿದರೆ ಎಂಜಿನ್ ಕುಡಿಯುವುದು ಆ ಬಿಸಿ ಗಾಳಿಯನ್ನು. ಜೋರಾಗುವುದು ಸದ್ದು ಮಾತ್ರ. ತಂಪು ಗಾಳಿಗೆಂದು ಕೊಳವೆಯನ್ನು ಬಂಪರಿನ ಕೆಳಗೆ ಇಳಿಸಿದರೆ, ಮಳೆಗಾಲದಲ್ಲಿ ಎಗ್ಮೋರ್‌ನ ಗೆಂಗು ರೆಡ್ಡಿ ಸಬ್‌ವೇಯಲ್ಲಿ ನಿಂತ ನೀರನ್ನೇ ಅದು ಕುಡಿಯಬಹುದು. ಸಿಲಿಂಡರಿಗೆ ನೀರು ಹೋದರೆ ಎಂಜಿನ್ ಮುಗಿದ ಹಾಗೆ.

ಪುದುಪೇಟೆಯ ಹಿರಿಯರು ನನ್ನಿಂದ ಹೊಸ ಫಿಲ್ಟರ್ ಕಾಗದಕ್ಕೆ ಮಾತ್ರ ಹಣ ತೆಗೆದುಕೊಂಡರು. ಮನೆಗೆ ಬಂದು ಡಿಕ್ಕಿ ತೆರೆದೆ. ಅಮ್ಮನಿಗೆ ಕೊಡಲೆಂದು ಇಟ್ಟು ಮರೆತ ಕುಕ್ಕರು, ಎರಡು ಕ್ಯಾನ್ ನೀರು, ಹಳೆಯ ಯುಪಿಎಸ್ ಬ್ಯಾಟರಿ, ಯಾವುದೋ ಮದುವೆಯ ತೆಂಗಿನಕಾಯಿ ಚೀಲ. ಎಲ್ಲವನ್ನೂ ಇಳಿಸಿ, ಟೈರಿನ ಗಾಳಿ ಸರಿ ಮಾಡಿಸಿ, ಮುಂದಿನ ಶುಕ್ರವಾರ ರಾತ್ರಿ ಬೆಂಗಳೂರಿಗೆ ಹೊರಟೆ. ಹೆದ್ದಾರಿಯ ಪಕ್ಕದಲ್ಲಿ ಇರುಂಗಾಟ್ಟುಕೋಟ್ಟೈ ಬಂದಾಗ ಎಂದಿನಂತೆ ವೇಗವಾಗಿ ದಾಟಿಹೋಗಲು ಮನಸ್ಸಾಗಲಿಲ್ಲ. ಇಷ್ಟು ವರ್ಷ ಎಷ್ಟೋ ಸಲ ಆ ದಾರಿಯಲ್ಲಿ ಹೋಗಿದ್ದೆ. ಅಂದು ಮೊದಲ ಸಲ ಕತ್ತಲಲ್ಲಿ ಆ ಕಡೆ ತಿರುಗಿ ನೋಡಿದೆ.