ರಾಷ್ಟ್ರಗೀತೆಯಾಗಿ ಉಳಿದ ಕವಿ: ಅಬ್ದುಲ್ಲಾಹಿ ಖರ್ಷೆ



ಭೂಪಟದಲ್ಲಿ ಆಫ್ರಿಕಾ ಖಂಡದ ಪೂರ್ವ ತುದಿಯನ್ನೊಮ್ಮೆ ನೋಡಿರಿ. ಕೊಂಬಿನಂತೆ ಹಿಂದೂ ಮಹಾಸಾಗರಕ್ಕೆ ಚಾಚಿಕೊಂಡಿರುವ ನಾಡೇ ಸೋಮಾಲಿಯಾ. ಒಂಟೆ, ಕುರಿ, ಮೇಕೆಗಳನ್ನು ನಂಬಿ ಬದುಕುತ್ತಿದ್ದ ಈ ಜನರಲ್ಲಿ ಮೊದಲಿನಿಂದಲೂ ಕವಿಗಳಿಗೆ ದೊಡ್ಡ ಗೌರವ. ಅವರ ಭಾಷೆಗೆ ಸರ್ಕಾರ ಅಧಿಕೃತ ಲಿಪಿಯನ್ನು ಗೊತ್ತುಮಾಡಿದ್ದು 1972ರಲ್ಲಿ. ಅಲ್ಲಿಯವರೆಗೆ ಕಾವ್ಯವೆಲ್ಲ ಬಾಯಿಂದ ಬಾಯಿಗೆ, ನೆನಪಿನಿಂದ ನೆನಪಿಗೆ ಸಾಗಿ ಬಂತು. ಅಂಥ ನಾಡಿನ ಕವಿ, ನಾಟಕಕಾರ, ಸಂಗೀತಗಾರ ಅಬ್ದುಲ್ಲಾಹಿ ಖರ್ಷೆಯವರ ಬದುಕು ವಿದ್ಯಾರ್ಥಿಗಳಾದ ನೀವು ತಿಳಿಯಬೇಕಾದದ್ದು.

ಖರ್ಷೆ 1924ರಲ್ಲಿ ಇಂದಿನ ತಾಂಜಾನಿಯಾದ ಮೋಶಿ ಎಂಬ ಊರಿನಲ್ಲಿ ಸೋಮಾಲಿ ಕುಟುಂಬವೊಂದರಲ್ಲಿ ಜನಿಸಿದರು. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡರು. ಕುಟುಂಬ ಸಮುದ್ರ ದಾಟಿ ಏಡನ್ ಬಂದರು ಪಟ್ಟಣಕ್ಕೆ ಬಂದು ನೆಲೆಸಿತು. ಏಡನ್ ನಮಗೆ ತೀರ ಅಪರಿಚಿತ ಊರಲ್ಲ. ನಮ್ಮ ಧಾರವಾಡ, ಬಿಜಾಪುರಗಳಂತೆ ಅದೂ ಬಹುಕಾಲ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. 1937ರಲ್ಲಷ್ಟೇ ಅದು ಬ್ರಿಟಿಷ್ ಭಾರತದಿಂದ ಬೇರೆಯಾಯಿತು. ಅಲ್ಲಿ ಅರಬ್ಬರ ಹಾಡುಗಳ ಜೊತೆಗೆ ಹಿಂದಿ ಚಿತ್ರಗಳ ಹಾಡುಗಳೂ ಹುಡುಗನ ಕಿವಿಗೆ ಬಿದ್ದವು. ಎಲ್ಲರಿಗೂ ಅವರವರ ಭಾಷೆಯಲ್ಲಿ ವಾದ್ಯದೊಂದಿಗೆ ಹಾಡಿದೆ, ನಮ್ಮ ಸೋಮಾಲಿಗೇಕಿಲ್ಲ ಎಂಬ ಕೊರಗು ಅವರನ್ನು ಕಾಡತೊಡಗಿತು.

1945ರ ಸುಮಾರಿಗೆ ಖರ್ಷೆ ಬ್ರಿಟಿಷ್ ಸೋಮಾಲಿಲ್ಯಾಂಡಿನ ಹರ್ಗೈಸಾ ಪಟ್ಟಣಕ್ಕೆ ಬಂದರು. ಅರಬ್ಬರ ಊದ್ ಎಂಬ ತಂತಿವಾದ್ಯವನ್ನು ಸೋಮಾಲಿ ಪದ್ಯಕ್ಕೆ ಹೊಂದಿಸಿದರು. ವಾದ್ಯ ನುಡಿಸುವವರನ್ನು ಅಂದಿನ ಅನೇಕ ಹಿರಿಯರು ಹಗುರವಾಗಿ ಕಾಣುತ್ತಿದ್ದರು. ಆದರೂ ಖರ್ಷೆ ಹಿಂಜರಿಯಲಿಲ್ಲ. ಆಧುನಿಕ ಸೋಮಾಲಿ ಸಂಗೀತದ ಪಿತಾಮಹ ಎಂದು ಜನ ಅವರನ್ನು ಕರೆಯುವುದು ಇದೇ ಕಾರಣಕ್ಕೆ.

ಪರರ ಆಳ್ವಿಕೆಯ ವಿರುದ್ಧ ಜನರನ್ನು ಎಚ್ಚರಿಸುವುದು ಹೇಗೆ? ಓದು ಬರಹ ಬಲ್ಲವರು ಕಡಿಮೆ. ಕರಪತ್ರ ಹಂಚಿದರೆ ಓದುವವರಾರು? ಆದರೆ ಹಾಡು, ನಾಟಕ, ರೇಡಿಯೋ ಎಲ್ಲರನ್ನೂ ಮುಟ್ಟುತ್ತಿದ್ದವು. ಖರ್ಷೆ ಮತ್ತು ಸಂಗಡಿಗರು 1950ರ ದಶಕದಲ್ಲಿ ವಲಾಲೊ ಹರ್ಗೈಸಾ ಎಂಬ ಕಲಾತಂಡ ಕಟ್ಟಿದರು. ಹೆಸರಿನ ಅರ್ಥ ಹರ್ಗೈಸಾದ ಸಹೋದರರು. ಸೋಮಾಲಿ ನಾಟಕದ ಜೀವಾಳವೇ ಪದ್ಯ ಮತ್ತು ಹಾಡು. ಮೇಲುನೋಟಕ್ಕೆ ಪ್ರೇಮಗೀತೆ, ಒಳಗೆ ಸ್ವಾತಂತ್ರ್ಯದ ಹಂಬಲ ಎಂಬಂಥ ರಚನೆಗಳು ಆ ಕಾಲದಲ್ಲಿ ಬಹಳ ಬಂದವು. ನಾಟಕ ನೋಡಿದವರು ಹಾಡನ್ನು ಬಾಯಿಪಾಠ ಮಾಡಿಕೊಂಡೇ ಮನೆಗೆ ಹೋಗುತ್ತಿದ್ದರು. ಖರ್ಷೆಯವರ ಕಳಕಳಿ ತಮ್ಮ ನಾಡಿಗಷ್ಟೇ ಸೀಮಿತವಾಗಿರಲಿಲ್ಲ. 1961ರಲ್ಲಿ ಕಾಂಗೋ ನಾಯಕ ಪ್ಯಾಟ್ರಿಸ್ ಲುಮುಂಬಾ ಅವರ ಹತ್ಯೆಯಾದಾಗ ಅವರ ಸ್ಮರಣೆಗೂ ಹಾಡು ಕಟ್ಟಿದರು.

1960ರಲ್ಲಿ ಬ್ರಿಟಿಷರ ಮತ್ತು ಇಟಲಿಯವರ ಅಧೀನದಲ್ಲಿದ್ದ ಎರಡು ಭಾಗಗಳು ಸ್ವತಂತ್ರವಾಗಿ ಒಂದು ದೇಶವಾದವು. ಆದರೆ ವಿಪರ್ಯಾಸ ನೋಡಿರಿ: ಕವಿಗಳ ನಾಡಿನ ರಾಷ್ಟ್ರಗೀತೆಗೆ ಮಾತೇ ಇರಲಿಲ್ಲ! ಇಟಲಿಯ ಸಂಯೋಜಕರೊಬ್ಬರ ರಾಗವನ್ನಷ್ಟೇ ನುಡಿಸಲಾಗುತ್ತಿತ್ತು. ಇತ್ತ ಬಿಳಿಯ ನಕ್ಷತ್ರದ ನೀಲಿ ಬಾವುಟವನ್ನು ಕುರಿತು ಖರ್ಷೆ ಕಟ್ಟಿದ ಗೀತೆ ಜನರ ನಾಲಿಗೆಯ ಮೇಲಿತ್ತು.

1991ರಲ್ಲಿ ಸರ್ಕಾರ ಕುಸಿದು ದೇಶ ಅಂತರ್ಯುದ್ಧದಲ್ಲಿ ಬೆಂದಿತು. 1994ರಲ್ಲಿ ಖರ್ಷೆ ಕಣ್ಣು ಮುಚ್ಚಿದಾಗ ಅವರು ಹಾಡಿದ ಒಗ್ಗಟ್ಟು ಚೂರಾಗಿತ್ತು. ಆದರೆ ಹಾಡು ಚೂರಾಗಲಿಲ್ಲ. 2012ರಲ್ಲಿ ಸೋಮಾಲಿಯಾ ಹೊಸ ಸಂವಿಧಾನದತ್ತ ಹೆಜ್ಜೆಯಿಟ್ಟಾಗ ಅದೇ ಬಾವುಟದ ಗೀತೆಯನ್ನು ರಾಷ್ಟ್ರಗೀತೆಯಾಗಿ ಅಂಗೀಕರಿಸಿತು.

ವಿದ್ಯಾರ್ಥಿ ಮಿತ್ರರೇ, ತಂದೆಯಿಲ್ಲದ ಆ ಹುಡುಗ ಪರಊರಿನಲ್ಲಿ ಬೆಳೆದರೂ ಮಾತೃಭಾಷೆಯನ್ನು ಮರೆಯಲಿಲ್ಲ. ಇತರರ ಹಾಡು ಕೇಳಿ ಅವರನ್ನು ದ್ವೇಷಿಸಲಿಲ್ಲ, ಅವರಿಂದ ಕಲಿತು ತನ್ನ ಭಾಷೆಯನ್ನು ಶ್ರೀಮಂತಗೊಳಿಸಿದ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಕಲಿಯುವ ನಿಮಗೆ ಇದಕ್ಕಿಂತ ಹತ್ತಿರದ ಪಾಠ ಬೇಕೆ?