ಹನ್ನೊಂದು ಕೆ.ಜಿ.ಯ ಕಂಪ್ಯೂಟರ್ ಹೊರಿಸಿದ ಆಡಂ ಆಸ್ಬೋರ್ನ್

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ಬಂದು ಹಾಸ್ಟೆಲ್ ಸೇರಿದ ನಮಗೆಲ್ಲ ಮೊದಲ ವರ್ಷ ಒಂದು ಚರ್ಚೆ ತಪ್ಪಿದ್ದಲ್ಲ. ಒಂದು ಕೆ.ಜಿ. ಆಸುಪಾಸಿನ ಪುಟ್ಟ ಲ್ಯಾಪ್‌ಟಾಪ್ ತಗೊಳ್ಳೋದೋ, ಎರಡೂವರೆ ಕೆ.ಜಿ.ಯ ದೊಡ್ಡದು ತಗೊಳ್ಳೋದೋ? ಮನೇಲಿ ದುಡ್ಡು ಕೊಡೋದು ಒಂದೇ ಸಲ. ಆಮೇಲೆ ನಾಲ್ಕು ವರ್ಷ ಅದರ ಜೊತೆಗೇ ಏಗಬೇಕು. ಹೊರೋಕೆ ಹಗುರವಾಗಬೇಕು ಅಂದ್ರೆ ಏನನ್ನು ಬಿಡಬೇಕು ಅನ್ನೋ ಈ ಲೆಕ್ಕವನ್ನು 1981ರಲ್ಲೇ ಹಾಕಿ, ಗೆದ್ದು, ಎರಡೇ ವರ್ಷದಲ್ಲಿ ಸೋತವರು ಆಡಂ ಆಸ್ಬೋರ್ನ್. ಅವರೂ ನಮ್ಮ ಹಾಗೆ ಎಂಜಿನಿಯರಿಂಗ್ ಓದಿದವರೇ, ಅದೂ ಕೆಮಿಕಲ್.

ಆಸ್ಬೋರ್ನ್ ಹುಟ್ಟಿದ್ದು 1939ರ ಮಾರ್ಚ್ 6ರಂದು, ಬ್ಯಾಂಕಾಕ್‌ನಲ್ಲಿ. ಅಪ್ಪ ಆರ್ಥರ್ ಇಂಗ್ಲೆಂಡಿನವರು, ಅಮ್ಮ ಲೂಸಿಯಾ ಪೋಲೆಂಡಿನವರು. ಎರಡನೇ ಮಹಾಯುದ್ಧದಲ್ಲಿ ಅಪ್ಪ ಜಪಾನೀಯರ ಸೆರೆಯಲ್ಲಿದ್ದಾಗ ಅಮ್ಮ, ಮಕ್ಕಳು ಇದ್ದದ್ದು ತಿರುವಣ್ಣಾಮಲೈನಲ್ಲಿ, ರಮಣ ಮಹರ್ಷಿಗಳ ಆಶ್ರಮದ ಆಸರೆಯಲ್ಲಿ. ಹೀಗೆ ಈ ಬಿಳಿ ಹುಡುಗ ತಮಿಳು ಮಾತಾಡ್ತಾ ಬೆಳೆದ. ಮುಂದೆ ಇಂಗ್ಲೆಂಡಿಗೆ ಹೋಗಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಪದವಿ, ಅಮೆರಿಕದ ಡೆಲವೇರ್‌ನಲ್ಲಿ ಪಿಎಚ್.ಡಿ. ಮುಗಿಸಿ, ಶೆಲ್ ತೈಲ ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು.

ನೌಕರಿ ಅವರಿಗೆ ಒಗ್ಗಲಿಲ್ಲ. ಅದನ್ನು ಬಿಟ್ಟು, ಆಗಷ್ಟೇ ಹುಟ್ಟುತ್ತಿದ್ದ ಮೈಕ್ರೊಪ್ರೊಸೆಸರ್‌ಗಳ ಬಗ್ಗೆ ಜನಕ್ಕೆ ಅರ್ಥವಾಗೋ ಹಾಗೆ ಪುಸ್ತಕ ಬರೆದರು, ತಾವೇ ಪ್ರಕಟಿಸಿದರು. 1979ರಲ್ಲಿ ಆ ಪ್ರಕಾಶನವನ್ನು ಮೆಕ್‌ಗ್ರಾ-ಹಿಲ್ ಕೊಂಡುಕೊಂಡಿತು. ಕಂಪ್ಯೂಟರ್ ಕಂಪನಿಗಳನ್ನು ಟೀಕಿಸ್ತಾ ಕೂತಿದ್ದ ಲೇಖಕ ಈಗ ತಾನೇ ಒಂದು ಕಂಪ್ಯೂಟರ್ ಮಾಡೋಕೆ ಹೊರಟರು. ವಿನ್ಯಾಸದ ಹೊಣೆ ಹೊತ್ತವರು ಲೀ ಫೆಲ್ಸೆನ್‌ಸ್ಟೈನ್.

1981ರ ಏಪ್ರಿಲ್‌ನಲ್ಲಿ ಬಂದ ಆಸ್ಬೋರ್ನ್ 1 ನೋಡೋಕೆ ಹೊಲಿಗೆ ಯಂತ್ರದ ಪೆಟ್ಟಿಗೆ ಥರ ಇತ್ತು. ಮುಚ್ಚಳ ತೆಗೆದರೆ ಅದೇ ಕೀಬೋರ್ಡ್. ಒಳಗೆ ಝಡ್80 ಪ್ರೊಸೆಸರ್, 64 ಕೆ.ಬಿ. ಮೆಮೊರಿ, ಎರಡು ಫ್ಲಾಪಿ ಡ್ರೈವ್. ಬೆಲೆ 1,795 ಡಾಲರ್. ವರ್ಡ್‌ಸ್ಟಾರ್, ಸೂಪರ್‌ಕ್ಯಾಲ್ಕ್‌ನಂಥ ತಂತ್ರಾಂಶಗಳೂ ಅದೇ ಬೆಲೆಗೆ ಜೊತೆಗೇ ಬರ್ತಿದ್ದವು. ಅವನ್ನು ಬಿಡಿಯಾಗಿ ಕೊಂಡರೆ ಹತ್ತಿರ ಹತ್ತಿರ ಕಂಪ್ಯೂಟರಿನಷ್ಟೇ ಖರ್ಚು. ತೂಕ ಮಾತ್ರ ಸುಮಾರು 11 ಕೆ.ಜಿ., ಅಂದ್ರೆ 25 ಕೆ.ಜಿ. ಅಕ್ಕಿ ಚೀಲದ ಅರ್ಧಕ್ಕೆ ಸ್ವಲ್ಪ ಕಮ್ಮಿ. ಅದನ್ನೇ ಜನ ಪೋರ್ಟಬಲ್ ಅಂದರು. ಯಾಕಂದ್ರೆ ಅದು ವಿಮಾನದ ಸೀಟಿನ ಕೆಳಗೆ ಕೂರುತ್ತಿತ್ತು.

ಆ ಜಾಗದಲ್ಲಿ ಕೂರಿಸೋಕೆ ಏನೇನು ಬಿಟ್ಟರು ನೋಡಿ. ಪರದೆ ಬರೀ 5 ಇಂಚು, ನಮ್ಮ ಮೊಬೈಲಿಗಿಂತ ಚಿಕ್ಕದು. ಒಂದು ಸಾಲಿನಲ್ಲಿ 52 ಅಕ್ಷರ ಕಾಣ್ತಿತ್ತು. ಕಚೇರಿ ಕೆಲಸಕ್ಕೆ 80 ಬೇಕಿದ್ದ ಕಾಲ ಅದು, ಹಾಗಾಗಿ ಉಳಿದದ್ದನ್ನು ಪಕ್ಕಕ್ಕೆ ಸರಿಸಿ ಸರಿಸಿ ಓದಬೇಕಿತ್ತು. ಒಳಗೆ ಬ್ಯಾಟರಿ ಇಲ್ಲ, ಪ್ಲಗ್ ಪಾಯಿಂಟ್ ಹುಡುಕಲೇಬೇಕು. ಇದೆಲ್ಲ ಆಸ್ಬೋರ್ನರಿಗೆ ಗೊತ್ತಿಲ್ಲದೆ ಆಗಿದ್ದಲ್ಲ. ಎಲ್ಲದರಲ್ಲೂ ಅತ್ಯುತ್ತಮ ಬೇಕಿಲ್ಲ, ಕೆಲಸಕ್ಕೆ ಸಾಕಾಗೋವಷ್ಟಿದ್ದರೆ ಸಾಕು ಅನ್ನೋದೇ ಅವರ ನಂಬಿಕೆ. ಜನರೂ ಒಪ್ಪಿದರು. ಒಂದು ಹಂತದಲ್ಲಿ ತಿಂಗಳಿಗೆ 10,000 ಯಂತ್ರ ಮಾರಾಟವಾದವು.

ಆದರೆ ಸಾಕು ಅನ್ನೋ ಗೆರೆ ನಿಂತಲ್ಲಿ ನಿಲ್ಲಲ್ಲ. 1982ರಲ್ಲಿ ಕೇಪ್ರೊ ಬಂತು. ತೂಕ, ಬೆಲೆ ಹೆಚ್ಚುಕಮ್ಮಿ ಅಷ್ಟೇ, ಪರದೆ 9 ಇಂಚು, ಸಾಲಿಗೆ 80 ಅಕ್ಷರ. ಅದರ ಹಿಂದೆಯೇ ಐಬಿಎಂ ತಂತ್ರಾಂಶ ಓಡಿಸೋ ಕಾಂಪ್ಯಾಕ್ ಬಂತು. ಇತ್ತ ಆಸ್ಬೋರ್ನ್ ತಮ್ಮ ಮುಂದಿನ ಮಾಡೆಲ್ ಬಗ್ಗೆ ಮೊದಲೇ ಮಾತಾಡಿಬಿಟ್ಟರು, ಅದಕ್ಕೇ ಜನ ಹಳೇದನ್ನು ಕೊಳ್ಳೋದು ನಿಲ್ಲಿಸಿದರು ಅನ್ನೋದು ಪ್ರಚಲಿತ ಕತೆ. ಇದಕ್ಕೆ ಆಸ್ಬೋರ್ನ್ ಎಫೆಕ್ಟ್ ಅಂತಲೇ ಹೆಸರು ಬಿತ್ತು. ಮ್ಯಾನೇಜ್‌ಮೆಂಟ್ ಪಾಠದಲ್ಲಿ ಇದನ್ನೊಂದೇ ಹೇಳ್ತಾರೆ. ಆದರೆ ಎದುರಾಳಿಗಳ ದೊಡ್ಡ ಪರದೆ, ಮಾರಾಟವಾಗದೆ ಉಳಿದ ಸರಕು, ಕೈಯಲ್ಲಿ ಹಣವಿಲ್ಲದ ಸ್ಥಿತಿ, ಇವೂ ಅಷ್ಟೇ ಕಾರಣ. 1983ರ ಸೆಪ್ಟೆಂಬರ್ 13ರಂದು ಕಂಪನಿ ದಿವಾಳಿ ಅರ್ಜಿ ಹಾಕಿತು.

ಅವರು ಸುಮ್ಮನೆ ಕೂರಲಿಲ್ಲ. 1984ರಲ್ಲಿ ಪೇಪರ್‌ಬ್ಯಾಕ್ ಸಾಫ್ಟ್‌ವೇರ್ ಕಟ್ಟಿ, ಅಗ್ಗದ ತಂತ್ರಾಂಶ ಮಾರಿದರು. ಲೋಟಸ್ ಕಂಪನಿ ಕೃತಿಸ್ವಾಮ್ಯದ ಮೊಕದ್ದಮೆ ಹೂಡಿತು, 1990ರಲ್ಲಿ ತೀರ್ಪು ಪೇಪರ್‌ಬ್ಯಾಕ್ ವಿರುದ್ಧ ಬಂತು. ಆರೋಗ್ಯ ಕೆಟ್ಟ ಮೇಲೆ 1992ರಲ್ಲಿ ಭಾರತಕ್ಕೆ ಮರಳಿ, ಕೊಡೈಕನಾಲ್‌ನಲ್ಲಿ ಅಕ್ಕತಂಗಿಯರ ಆರೈಕೆಯಲ್ಲಿ ಬಾಳಿದರು. 2003ರ ಮಾರ್ಚ್ 18ರಂದು ಅಲ್ಲೇ ತೀರಿಕೊಂಡರು. ಆಗ ಅವರಿಗೆ 64.

ಇವರ ಲೆಕ್ಕ ನಮಗೂ ಬೇಕು. ಹೊಸಪೇಟೆ–ಹರಿಹರ ರೈಲಲ್ಲಿ ಸೀಟು ಸಿಗದೆ ನಿಂತಾಗ, ಹಡಗಲಿ, ಕೂಡ್ಲಿಗಿ ಬಸ್ಸಲ್ಲಿ ಬ್ಯಾಗು ತೊಡೆ ಮೇಲಿಟ್ಟು ಕೂತಾಗ, ಹಳ್ಳಿ ಮನೇಲಿ ಕರೆಂಟು ಹೋದಾಗ, ಪುಟ್ಟ ಲ್ಯಾಪ್‌ಟಾಪಿನ ತೂಕವೂ ಬ್ಯಾಟರಿಯೂ ವರ. ಆದರೆ ತೆಳ್ಳಗಿರೋದರಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತೆ, ಆಮೇಲೆ ಹಾಕ್ಸೋಕೆ ಆಗಲ್ಲ. ಪೋರ್ಟು ಕಮ್ಮಿ. ದೊಡ್ಡ ಸಿಮ್ಯುಲೇಶನ್ ಹಾಕಿದರೆ ಬಿಸಿಯಾಗಿ ವೇಗ ಇಳಿಯುತ್ತೆ. ಕೋಡಿಂಗ್, ನೋಟ್ಸ್, ರಿಪೋರ್ಟ್ ಮಾಡೋರಿಗೆ ಇದು ನಡೆಯುತ್ತೆ, ರ‍್ಯಾಮ್ ಮಾತ್ರ ಮೊದಲೇ 16 ಜಿ.ಬಿ. ಇರೋದನ್ನು ನೋಡಿ. ಮೆಕ್ಯಾನಿಕಲ್, ಸಿವಿಲ್‌ನವರು ಮೂರನೇ ವರ್ಷದ ತ್ರೀಡಿ ಮಾಡೆಲಿಂಗ್ ನೆನಪಿಟ್ಟುಕೊಂಡೇ ಆರಿಸಬೇಕು, ಇಲ್ಲವೇ ಆ ಕೆಲಸ ಕಾಲೇಜ್ ಲ್ಯಾಬಲ್ಲೇ ಅಂತ ಈಗಲೇ ಗಟ್ಟಿ ಮಾಡ್ಕೋಬೇಕು. ಮುಂದಿನ ಮಾಡೆಲ್ ಬರಲಿ ಅಂತ ಕಾಯ್ತಾ ಸೆಮಿಸ್ಟರ್ ಕಳೆಯೋದು ಬೇಡ. ನಿಮ್ಮ ಲೆಕ್ಕ ಬೇರೆ ಇದ್ದರೆ ಮುಂದಿನ ಸಂಚಿಕೆಗೆ ಬರೆದು ಕಳಿಸಿ.